ಗೊರಕೆ ನಿಂತ ಕ್ಷಣಕ್ಕೆ ಕಿವಿಗೊಡಿ

'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬ ಗಾದೆಯಿದೆ. ದಿಂಬಿಗೆ ತಲೆಯಿಟ್ಟೊಡನೆ ಗೊರಕೆ ಹೊಡೆಯುವವರನ್ನು ಕಂಡಾಗ ನಾವೂ ಹಾಗೆಯೇ ಅಂದುಕೊಳ್ಳುತ್ತೇವೆ. ಮನೆಯಲ್ಲಿ ಅಪ್ಪನ ಗೊರಕೆ ತಮಾಷೆಯ ವಿಷಯ, ಅಮ್ಮನ ಗೊರಕೆ ಯಾರೂ ಬಾಯಿಬಿಡದ ವಿಷಯ, ಮಗುವಿನ ಗೊರಕೆ ಮುದ್ದಿನ ವಿಷಯ. ಆದರೆ ಇವುಗಳ ಹಿಂದೆ ಒಂದು ಕಾಯಿಲೆ ಅಡಗಿರಬಹುದು. ಅದರ ಹೆಸರು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಂತುಹೋಗುವ ಕಾಯಿಲೆ.

2019ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ, ಜಗತ್ತಿನಲ್ಲಿ 30ರಿಂದ 69 ವರ್ಷದೊಳಗಿನ 93 ಕೋಟಿಗೂ ಹೆಚ್ಚು ಜನರಿಗೆ ಇದು ಸೌಮ್ಯವಾಗಿಯೋ ತೀವ್ರವಾಗಿಯೋ ಇದೆ. ಹೆಚ್ಚಿನವರಿಗೆ ಅದರ ಸುಳಿವೇ ಇಲ್ಲ. ಏಕೆಂದರೆ ಕಾಯಿಲೆ ತಲೆಯೆತ್ತುವುದು ರೋಗಿ ನಿದ್ದೆಯಲ್ಲಿರುವಾಗ. ತನ್ನ ಉಸಿರು ನಿಂತದ್ದನ್ನು ಆತ ಕೇಳಲಾರ, ಬೆಳಿಗ್ಗೆ ನೆನಪಿಸಿಕೊಳ್ಳಲೂ ಆರ. ಅದನ್ನು ಕೇಳಬಲ್ಲವರು ಪಕ್ಕದಲ್ಲಿ ಮಲಗುವ ಮಡದಿ, ಗಂಡ, ತಾಯಿ, ಗಲ್ಫ್‌ನಲ್ಲಾದರೆ ಒಂದೇ ಕೋಣೆಯಲ್ಲಿರುವ ಗೆಳೆಯ. ಆದ್ದರಿಂದ ಈ ಪಾಠ ಗೊರಕೆ ಹೊಡೆಯುವವರಿಗಿಂತ ಹೆಚ್ಚಾಗಿ ಗೊರಕೆ ಕೇಳುವವರಿಗೆ.

ಗಂಟಲಿನಲ್ಲಿ ಏನಾಗುತ್ತದೆ?

ಮೂಗಿನ ಹಿಂಭಾಗದಿಂದ ಧ್ವನಿಪೆಟ್ಟಿಗೆಯವರೆಗಿನ ದಾರಿಗೆ ಮೂಳೆಯ ಆಸರೆಯಿಲ್ಲ. ಅದೊಂದು ಮೆದುವಾದ ಕೊಳವೆ. ಎಚ್ಚರವಿರುವಾಗ ಸುತ್ತಲಿನ ಸ್ನಾಯುಗಳು ಅದನ್ನು ತೆರೆದಿಡುತ್ತವೆ. ನಿದ್ದೆ ಬಂದಾಗ ಸ್ನಾಯುಗಳು ಸಡಿಲವಾಗುತ್ತವೆ, ನಾಲಿಗೆ ಹಿಂದಕ್ಕೆ ಜಾರುತ್ತದೆ. ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಅಂಗುಳಿನ ಮೆದುಭಾಗ ಅದುರುತ್ತದೆ. ಆ ಸದ್ದೇ ಗೊರಕೆ. ದಾರಿ ಪೂರ್ತಿ ಮುಚ್ಚಿಕೊಂಡರೆ ಸದ್ದೂ ನಿಲ್ಲುತ್ತದೆ, ಉಸಿರೂ ನಿಲ್ಲುತ್ತದೆ. ಎದೆ, ಹೊಟ್ಟೆ ಮಾತ್ರ ಉಸಿರೆಳೆಯಲು ಹೆಣಗುತ್ತಿರುತ್ತವೆ.

ಆಗ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ. ಅಪಾಯವನ್ನು ಅರಿತ ಮೆದುಳು ಕೆಲವು ಕ್ಷಣಗಳ ಮಟ್ಟಿಗೆ ಎಚ್ಚರಗೊಂಡು ಸ್ನಾಯುಗಳನ್ನು ಬಿಗಿಗೊಳಿಸುತ್ತದೆ. ದೊಡ್ಡ ಸದ್ದಿನೊಂದಿಗೆ, ಉಸಿರುಗಟ್ಟಿದವರು ಏದುಸಿರು ಬಿಟ್ಟ ಹಾಗೆ, ಗಾಳಿ ಒಳನುಗ್ಗುತ್ತದೆ. ಮತ್ತೆ ನಿದ್ದೆ, ಮತ್ತೆ ಗೊರಕೆ, ಮತ್ತೆ ಮೌನ.

ವಯಸ್ಕರಲ್ಲಿ ಉಸಿರು ಕನಿಷ್ಠ 10 ಸೆಕೆಂಡ್ ನಿಂತರೆ ವೈದ್ಯರು ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಉಸಿರು ಅರ್ಧಂಬರ್ಧ ಕುಗ್ಗಿ ಆಮ್ಲಜನಕ ಇಳಿದರೂ ಲೆಕ್ಕವೇ. ಇಂಥವು ಗಂಟೆಗೆ 5ರಿಂದ 15ರೊಳಗಿದ್ದರೆ ಸೌಮ್ಯ, 15ರಿಂದ 30ರವರೆಗೆ ಮಧ್ಯಮ, 30 ಅಥವಾ ಅದಕ್ಕಿಂತ ಹೆಚ್ಚಾದರೆ ತೀವ್ರ. ಗಂಟೆಗೆ 30 ಎಂದರೆ ಎರಡು ನಿಮಿಷಕ್ಕೊಮ್ಮೆ. ಆರು ಗಂಟೆ ಮಲಗಿದರೆ 180 ಬಾರಿ! ಅಂಥವರು ಹಾಸಿಗೆಯಲ್ಲಿ ಆರು ಗಂಟೆ ಕಳೆದಿರುತ್ತಾರೆ, ಆದರೆ ನಿದ್ದೆ ಅವರಿಗೆ ದಕ್ಕಿರುವುದಿಲ್ಲ.

ಹಗಲಿನಲ್ಲಿ ಕಾಣುವ ಗುರುತುಗಳು

ರಾತ್ರಿ ನಡೆದದ್ದರ ಗುರುತು ಹಗಲಿನಲ್ಲಿ ಕಾಣಿಸುತ್ತದೆ. ಏಳೆಂಟು ಗಂಟೆ ಮಲಗಿದರೂ ಬೆಳಿಗ್ಗೆ ಮೈ ಭಾರ, ತಲೆನೋವು, ಒಣಗಿದ ಬಾಯಿ. ಕುಳಿತಲ್ಲೇ ತೂಕಡಿಕೆ. ಮರೆವು, ಸಣ್ಣ ಮಾತಿಗೂ ಸಿಡುಕು. ರಾತ್ರಿ ಎರಡು ಮೂರು ಬಾರಿ ಮೂತ್ರಕ್ಕೆ ಏಳುವುದೂ ಒಂದು ಗುರುತೇ. ಮುಚ್ಚಿದ ಗಂಟಲಿನ ವಿರುದ್ಧ ಎದೆ ಉಸಿರೆಳೆಯುವಾಗ ಹೃದಯದ ಮೇಲಿನ ಕೋಣೆಗಳು ಹಿಗ್ಗಿ, ಮೂತ್ರ ಹೆಚ್ಚಿಸುವ ಹಾರ್ಮೋನನ್ನು ಬಿಡುಗಡೆ ಮಾಡುತ್ತವೆ. ಸಕ್ಕರೆ ಕಾಯಿಲೆ ಅಥವಾ ಪ್ರಾಸ್ಟೇಟ್ ತೊಂದರೆ ಎಂದುಕೊಂಡದ್ದರ ಹಿಂದೆ ಕೆಲವೊಮ್ಮೆ ಇದಿರುತ್ತದೆ.

ಫಜ್ರ್‌ಗೆ ಎಷ್ಟು ಎಬ್ಬಿಸಿದರೂ ಏಳಲಾಗದ, ಎದ್ದರೂ ತೂಕಡಿಸುವ ವ್ಯಕ್ತಿಯನ್ನು ಮನೆಯವರು ಸೋಮಾರಿ ಎನ್ನುತ್ತಾರೆ. ಅಲಾರಂ ಇಟ್ಟು, ಬೇಗ ಮಲಗಿ, ಎಲ್ಲ ಪ್ರಯತ್ನ ಮಾಡಿಯೂ ಏಳಲಾಗದಿದ್ದರೆ ಆತ ಸೋಮಾರಿಯಲ್ಲದೆ ರೋಗಿಯಾಗಿರಬಹುದು. ಬೈಯುವ ಮುನ್ನ ಒಮ್ಮೆ ಆತನ ಉಸಿರನ್ನು ಕೇಳಿ.

ಬಿಪಿಗೂ ಗೊರಕೆಗೂ ಏನು ಸಂಬಂಧ?

ಆರೋಗ್ಯವಂತರ ರಕ್ತದೊತ್ತಡ ರಾತ್ರಿ ಸುಮಾರು ಶೇ. 10ರಿಂದ 20ರಷ್ಟು ಇಳಿಯುತ್ತದೆ. ಹೃದಯಕ್ಕೂ ರಕ್ತನಾಳಗಳಿಗೂ ಅದು ವಿಶ್ರಾಂತಿಯ ಸಮಯ. ಉಸಿರು ನಿಂತಾಗಲೆಲ್ಲ ದೇಹ ಅಪಾಯದ ಹಾರ್ಮೋನುಗಳನ್ನು ಸುರಿಸುವುದರಿಂದ ಬಿಪಿ ಇಳಿಯುವ ಬದಲು ಜಿಗಿಯುತ್ತದೆ. ಕಾಲಕ್ರಮೇಣ ಹಗಲಿನಲ್ಲೂ ಅದು ಏರಿಯೇ ಉಳಿಯುತ್ತದೆ. ಮೂರು ಬಗೆಯ ಮಾತ್ರೆ ನುಂಗಿದರೂ ಬಿಪಿ ಹತೋಟಿಗೆ ಬರುತ್ತಿಲ್ಲವೆಂದರೆ ಸ್ಲೀಪ್ ಆಪ್ನಿಯಾ ಇದೆಯೇ ಎಂದು ನೋಡಲೇಬೇಕು. ಹೃದಯ ಬಡಿತದ ಏರುಪೇರು, ಪಾರ್ಶ್ವವಾಯು, ಹೃದಯದ ಕಾಯಿಲೆಗಳು ಇಂಥವರಲ್ಲಿ ಹೆಚ್ಚು. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಸಕ್ಕರೆಯೂ ಏರಬಹುದು.

ಇವೆಲ್ಲ ವರ್ಷಗಳ ಲೆಕ್ಕ. ಆದರೆ ಒಂದೇ ಕ್ಷಣದಲ್ಲಿ ಜೀವ ತೆಗೆಯುವ ಅಪಾಯ ರಸ್ತೆಯಲ್ಲಿದೆ. ಲಾರಿ, ಬಸ್ಸು, ಟ್ಯಾಕ್ಸಿ, ಮೀನಿನ ಗಾಡಿ ಓಡಿಸುವವರು ಸ್ಟಿಯರಿಂಗ್ ಹಿಡಿದು ನಾಲ್ಕೈದು ಸೆಕೆಂಡ್ ಕಣ್ಣು ಮುಚ್ಚಿದರೆ ಸಾಕು. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಐದು ಸೆಕೆಂಡಿನಲ್ಲಿ 80 ಮೀಟರ್‌ಗೂ ಹೆಚ್ಚು ದೂರ ಹೋಗಿರುತ್ತದೆ. ವಾಹನ ಓಡಿಸುವಾಗ ಒಮ್ಮೆಯಾದರೂ ಕಣ್ಣು ಮುಚ್ಚಿದ ಅನುಭವವಾಗಿದ್ದರೆ, ತಪಾಸಣೆ ಆಗುವವರೆಗೆ ಓಡಿಸಬೇಡಿ. ನಿಮ್ಮ ಜೀವದ ಜೊತೆಗೆ ಪರರ ಜೀವವೂ ನಿಮ್ಮ ಕೈಯಲ್ಲಿದೆ.

ಎಂಟು ಪ್ರಶ್ನೆಗಳು

ಕೆನಡಾದ ಟೊರಾಂಟೋದ ವೈದ್ಯರು ಶಸ್ತ್ರಚಿಕಿತ್ಸೆಗೆ ಬರುವವರಿಗಾಗಿ ರೂಪಿಸಿ, 2008ರಲ್ಲಿ ಪ್ರಕಟಿಸಿದ 'ಸ್ಟಾಪ್-ಬ್ಯಾಂಗ್' ಎಂಬ ಪ್ರಶ್ನಾವಳಿ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಮನೆಯಲ್ಲೇ ಕುಳಿತು ಉತ್ತರಿಸಬಹುದು:

1. ಮುಚ್ಚಿದ ಬಾಗಿಲಿನ ಆಚೆಗೂ ಕೇಳಿಸುವಷ್ಟು ಜೋರಾಗಿ ಗೊರಕೆ ಬರುತ್ತದೆಯೇ?
2. ಹಗಲಿನಲ್ಲಿ ಆಗಾಗ ಆಯಾಸ, ತೂಕಡಿಕೆ ಇದೆಯೇ?
3. ನಿದ್ದೆಯಲ್ಲಿ ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರೆಯೇ?
4. ಬಿಪಿ ಇದೆಯೇ, ಅಥವಾ ಅದಕ್ಕೆ ಔಷಧಿ ನಡೆಯುತ್ತಿದೆಯೇ?
5. ಬಿಎಂಐ 35ಕ್ಕಿಂತ ಹೆಚ್ಚಿದೆಯೇ? (165 ಸೆಂಟಿಮೀಟರ್ ಎತ್ತರದವರಿಗೆ ಸುಮಾರು 95 ಕಿಲೋ)
6. ವಯಸ್ಸು 50 ದಾಟಿದೆಯೇ?
7. ಕತ್ತಿನ ಸುತ್ತಳತೆ 40 ಸೆಂಟಿಮೀಟರ್‌ಗಿಂತ ಹೆಚ್ಚಿದೆಯೇ?
8. ಪುರುಷರೇ?

ಮೂರು ಅಥವಾ ಹೆಚ್ಚು 'ಹೌದು' ಬಂದರೆ ವೈದ್ಯರನ್ನು ಕಾಣಿ. ಐದು ಅಥವಾ ಹೆಚ್ಚಾದರೆ ತಡಮಾಡಬೇಡಿ. ಆದರೆ ತೆಳ್ಳಗಿದ್ದೇನೆ, ನನಗೇನೂ ಇಲ್ಲ ಎಂದು ನಿಶ್ಚಿಂತರಾಗಬೇಡಿ. ದವಡೆ ಸಣ್ಣದಿರುವವರಿಗೆ, ಗಂಟಲಿನ ದಾರಿ ಹುಟ್ಟಿನಿಂದಲೇ ಕಿರಿದಾಗಿರುವವರಿಗೆ, ಥೈರಾಯ್ಡ್ ಕೊರತೆ ಇರುವವರಿಗೆ ಬೊಜ್ಜಿಲ್ಲದೆಯೂ ಇದು ಬರಬಹುದು.

ಹೆಂಗಸರು ಮತ್ತು ಮಕ್ಕಳು

ಎಂಟನೆಯ ಪ್ರಶ್ನೆ ನೋಡಿ ಇದು ಗಂಡಸರ ಕಾಯಿಲೆ ಎಂದುಕೊಳ್ಳಬೇಡಿ. ಮುಟ್ಟು ನಿಂತ ಬಳಿಕ ಹೆಂಗಸರಲ್ಲೂ ಇದು ಹೆಚ್ಚುತ್ತದೆ. ಅವರಲ್ಲಿ ಗೊರಕೆ ಜೋರಾಗಿ ಇರದಿರಬಹುದು. ನಿದ್ದೆ ಬಾರದಿರುವುದು, ಸುಸ್ತು, ತಲೆನೋವು, ಮನಸ್ಸಿನ ಬೇಸರ ಎದ್ದು ಕಾಣುತ್ತವೆ. ಮನೆಕೆಲಸದ ದಣಿವು, ವಯಸ್ಸು, ಚಿಂತೆ ಎಂದು ತಳ್ಳಿಹಾಕಲಾಗುತ್ತದೆ. ಗೊರಕೆ ಹೊಡೆಯುತ್ತೇನೆಂದು ಹೇಳಲು ಅವರಿಗೆ ನಾಚಿಕೆ ಬೇರೆ. ಗರ್ಭಿಣಿಗೆ ಹೊಸದಾಗಿ ಜೋರು ಗೊರಕೆ ಶುರುವಾದರೆ ಮುಂದಿನ ತಪಾಸಣೆಯಲ್ಲಿ ತಪ್ಪದೆ ಹೇಳಿ. ಗರ್ಭಿಣಿಯರಲ್ಲಿ ಇದಕ್ಕೂ ಏರುವ ಬಿಪಿಗೂ ನಂಟಿದೆ.

ಮಕ್ಕಳಲ್ಲಿ ಸಾಮಾನ್ಯ ಕಾರಣ ಊದಿದ ಟಾನ್ಸಿಲ್ ಮತ್ತು ಮೂಗಿನ ಹಿಂದಿನ ಅಡಿನಾಯ್ಡ್ ಗಂಟುಗಳು. ಶೀತವಿಲ್ಲದಿದ್ದರೂ ದಿನವೂ ಗೊರಕೆ, ಬಾಯಿ ತೆರೆದು ಉಸಿರಾಟ, ಕತ್ತನ್ನು ಹಿಂದಕ್ಕೆ ಬಾಗಿಸಿ ಮಲಗುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗುವುದು, ಸರಿಯಾಗಿ ಬೆಳೆಯದಿರುವುದು ಇದರ ಗುರುತುಗಳು. ದೊಡ್ಡವರು ನಿದ್ದೆಗೆಟ್ಟರೆ ತೂಕಡಿಸುತ್ತಾರೆ, ಮಕ್ಕಳು ತದ್ವಿರುದ್ಧವಾಗಿ ಚಡಪಡಿಸುತ್ತಾರೆ. ಶಾಲೆಯಿಂದಲೂ ಮದ್ರಸಾದಿಂದಲೂ 'ಗಮನವಿಲ್ಲ, ತುಂಟ' ಎಂಬ ದೂರು ಬಂದರೆ ಆ ಮಗು ರಾತ್ರಿ ಹೇಗೆ ಉಸಿರಾಡುತ್ತದೆ ಎಂದು ನೋಡಿ. ಅಗತ್ಯವಿದ್ದಲ್ಲಿ ಟಾನ್ಸಿಲ್, ಅಡಿನಾಯ್ಡ್ ತೆಗೆಸಿದರೆ ಹೆಚ್ಚಿನ ಮಕ್ಕಳು ಚೇತರಿಸಿಕೊಳ್ಳುತ್ತಾರೆ.

ತಪಾಸಣೆ ಹೇಗೆ?

ಮೊದಲು ನಿಮ್ಮ ಕುಟುಂಬ ವೈದ್ಯರಿಗೆ ಹೇಳಿ. ಅವರು ಕಿವಿ-ಮೂಗು-ಗಂಟಲು ಅಥವಾ ಶ್ವಾಸಕೋಶ ತಜ್ಞರ ಬಳಿ ಕಳುಹಿಸಬಹುದು. ನಿದ್ದೆಯ ಪರೀಕ್ಷೆಯಲ್ಲಿ ಮೂಗಿನ ಗಾಳಿಯ ಹರಿವು, ಎದೆ ಮತ್ತು ಹೊಟ್ಟೆಯ ಚಲನೆ, ಬೆರಳಿನಲ್ಲಿ ಆಮ್ಲಜನಕ, ಹೃದಯದ ಬಡಿತ, ಮೆದುಳಿನ ಅಲೆಗಳು ರಾತ್ರಿಯಿಡೀ ದಾಖಲಾಗುತ್ತವೆ. ಸೂಜಿ ಚುಚ್ಚುವುದಿಲ್ಲ, ನೋವಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಈ ಸೌಲಭ್ಯವಿದೆ. ಕೆಲವರಿಗೆ ಸಣ್ಣ ಉಪಕರಣ ಕೊಟ್ಟು ಮನೆಯಲ್ಲೇ ಪರೀಕ್ಷೆ ಮಾಡಿಸುವುದೂ ಉಂಟು.

ಚಿಕಿತ್ಸೆ ಏನು?

ಮಧ್ಯಮ ಮತ್ತು ತೀವ್ರ ಕಾಯಿಲೆಗೆ ಮುಖ್ಯ ಚಿಕಿತ್ಸೆ ಸಿಪ್ಯಾಪ್ ಯಂತ್ರ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸುಲಿವನ್ ಮತ್ತು ಸಂಗಡಿಗರು ಇದನ್ನು 1981ರಲ್ಲಿ ಜಗತ್ತಿಗೆ ಪರಿಚಯಿಸಿದರು. ಅದು ಕೋಣೆಯ ಗಾಳಿಯನ್ನೇ ಹದವಾದ ಒತ್ತಡದಲ್ಲಿ ಮಾಸ್ಕ್ ಮೂಲಕ ಕಳುಹಿಸಿ ಗಂಟಲಿನ ದಾರಿ ಮುಚ್ಚದಂತೆ ನೋಡಿಕೊಳ್ಳುತ್ತದೆ. ಇದು ಆಕ್ಸಿಜನ್ ಸಿಲಿಂಡರ್ ಅಲ್ಲ. ಮೊದಲ ಕೆಲವು ವಾರ ಕಿರಿಕಿರಿಯಾಗುವುದು ಸಹಜ. ಅಲ್ಲಿಗೇ ಬಿಟ್ಟುಬಿಡಬೇಡಿ, ಮಾಸ್ಕ್ ಬದಲಾಯಿಸಿ ನೋಡಿ. ಗಡ್ಡ ಇರುವವರಿಗೆ ಮುಖ ಮುಚ್ಚುವ ಮಾಸ್ಕಿನ ಅಂಚಿನಲ್ಲಿ ಗಾಳಿ ಸೋರಬಹುದು. ಮೂಗಿನ ಹೊಳ್ಳೆಗಳಿಗಷ್ಟೇ ಕೂರುವ ಸಣ್ಣ ಮಾಸ್ಕ್ ಕೂಡ ಇದೆ, ಕೇಳಿ ಪಡೆಯಿರಿ.

ಯಂತ್ರ ಕೆಲಸ ಮಾಡುವುದು ಬಳಸಿದಾಗ ಮಾತ್ರ. ರಮಝಾನಿನಲ್ಲಿ ನಿದ್ದೆ ತುಂಡು ತುಂಡಾಗುತ್ತದೆ. ತರಾವೀಹ್ ಮುಗಿಸಿ ಮಲಗಿದಾಗಲೂ, ಸಹರಿಯ ನಂತರ ಮಲಗಿದಾಗಲೂ ಅದನ್ನು ಹಾಕಿಕೊಳ್ಳಬೇಕು. ಅದರಲ್ಲಿ ಔಷಧಿಯೇನೂ ಇರುವುದಿಲ್ಲ. ಕೆಲವು ಯಂತ್ರಗಳಲ್ಲಿ ಗಾಳಿಗೆ ತೇವ ಬೆರೆಸುವ ನೀರಿನ ತೊಟ್ಟಿ ಇರುತ್ತದೆ. ಉಪವಾಸದ ಹಗಲಿನಲ್ಲಿ ಬಳಸುವ ಬಗ್ಗೆ ಸಂದೇಹವಿದ್ದರೆ ಈ ವಿವರ ಹೇಳಿ ಆಲಿಮರಲ್ಲಿ ಕೇಳಿ, ನೀವಾಗಿಯೇ ನಿಲ್ಲಿಸಬೇಡಿ. ಹಜ್ಜ್, ಉಮ್ರಾಕ್ಕೆ ಹೋಗುವಾಗ ಯಂತ್ರವನ್ನು ಕೈಚೀಲದಲ್ಲೇ ಒಯ್ಯಿರಿ.

ಶುಚಿತ್ವದ ಮಾತು: ಮುಖಕ್ಕೆ ತಾಗುವ ಮಾಸ್ಕಿನ ಭಾಗವನ್ನು ದಿನವೂ, ಕೊಳವೆಯನ್ನು ವಾರಕ್ಕೊಮ್ಮೆ ಸೌಮ್ಯ ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ತೊಟ್ಟಿಯ ನೀರನ್ನು ಪ್ರತಿದಿನ ಚೆಲ್ಲಿ, ಹೊಸದಾಗಿ ಡಿಸ್ಟಿಲ್ಡ್ ನೀರು ಹಾಕಿ. ಫಿಲ್ಟರ್ ಬೂದುಬಣ್ಣಕ್ಕೆ ತಿರುಗುವವರೆಗೆ ಕಾಯದೆ ಬದಲಿಸಿ. ಒಬ್ಬರ ಮಾಸ್ಕ್ ಇನ್ನೊಬ್ಬರು ಬಳಸಬಾರದು.

ಸೌಮ್ಯ ಕಾಯಿಲೆಯಲ್ಲಿ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಹಲ್ಲಿನ ಸಾಧನ ಕೆಲವರಿಗೆ ಸಾಕಾಗುತ್ತದೆ. ಮೂಗು, ಗಂಟಲಿನ ತೊಡಕಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ನೀವೇ ಮಾಡಬಹುದಾದದ್ದು

ತೂಕ ಇಳಿಸಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೇಹತೂಕ ಶೇ. 10ರಷ್ಟು ಇಳಿದಾಗ ಉಸಿರು ನಿಲ್ಲುವುದು ಸುಮಾರು ಶೇ. 26ರಷ್ಟು ಕಡಿಮೆಯಾಗುವುದು ಕಂಡುಬಂತು. 90 ಕಿಲೋ ಇರುವವರಿಗೆ ಅದು 9 ಕಿಲೋ. ಅಂಗಾತ ಮಲಗಿದರೆ ನಾಲಿಗೆ ಹಿಂದಕ್ಕೆ ಬೀಳುವುದರಿಂದ ಮಗ್ಗುಲಾಗಿ ಮಲಗಿ. ಬಿರಿಯಾನಿ ಉಂಡು ಕೂಡಲೇ ಹಾಸಿಗೆ ಸೇರಬೇಡಿ, ಎರಡು ಮೂರು ಗಂಟೆ ಅಂತರವಿರಲಿ. ಸಿಗರೇಟು ಬಿಡಿ. ವೈದ್ಯರನ್ನು ಕೇಳದೆ ನಿದ್ದೆ ಮಾತ್ರೆ ನುಂಗಲೇಬೇಡಿ. ಅದು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಗೊಳಿಸಬಹುದು, ಮೆದುಳು ಎಚ್ಚರಗೊಳ್ಳುವುದನ್ನೂ ತಡಮಾಡಬಹುದು. ಯಾವುದೇ ಆಪರೇಷನ್ನಿಗೆ ಮುನ್ನ, ಗೊರಕೆ ಮತ್ತು ಉಸಿರು ನಿಲ್ಲುವ ವಿಷಯವನ್ನು ಅರಿವಳಿಕೆ ವೈದ್ಯರಿಗೆ ತಿಳಿಸಿ. ಚಿಕಿತ್ಸೆ ಶುರುವಾಯಿತೆಂದು ಬಿಪಿ, ಸಕ್ಕರೆಯ ಮಾತ್ರೆಗಳನ್ನು ನೀವಾಗಿಯೇ ಬಿಡಬೇಡಿ.

ಇಂದು ರಾತ್ರಿಯ ಕೆಲಸ

ಮನೆಯಲ್ಲಿ ಯಾರಾದರೂ ಗೊರಕೆ ಹೊಡೆಯುತ್ತಿದ್ದರೆ ಇಂದು ರಾತ್ರಿ ಹತ್ತು ನಿಮಿಷ ಎಚ್ಚರವಿರಿ. ಸದ್ದಿನ ನಡುವೆ ಮೌನ ಬರುತ್ತದೆಯೇ? ಮೌನದ ಹೊತ್ತಿನಲ್ಲಿ ಎದೆ ಏರಿಳಿದರೂ ಉಸಿರಿನ ಸದ್ದಿಲ್ಲವೇ? ಗಡಿಯಾರ ನೋಡಿ ಸೆಕೆಂಡುಗಳನ್ನು ಎಣಿಸಿ. ಬೆಳಿಗ್ಗೆ ಅವರ ಅನುಮತಿ ಕೇಳಿಟ್ಟುಕೊಂಡು, ಮರುದಿನ ರಾತ್ರಿ ಮೊಬೈಲಿನಲ್ಲಿ ಎರಡು ನಿಮಿಷದ ವಿಡಿಯೋ ಮಾಡಿ. ಅದನ್ನು ನೋಡಬೇಕಾದವರು ವೈದ್ಯರು ಮಾತ್ರ, ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿ ನಗುವ ವಸ್ತು ಅದಲ್ಲ. ಗಂಡ ದೂರದ ದೇಶದಲ್ಲಿದ್ದು ರಜೆಗೆ ಮಾತ್ರ ಬರುವವರಾದರೆ, ಕೋಣೆಯ ಗೆಳೆಯರನ್ನು ಕೇಳಿಕೊಂಡು ಹೇಳಲು ಫೋನಿನಲ್ಲೇ ತಿಳಿಸಿ. ಉಸಿರು ನಿಲ್ಲುತ್ತಿದೆ ಎಂದು ಗೊತ್ತಾದರೆ ಇದೇ ವಾರ ವೈದ್ಯರ ಬಳಿ ಅವರೊಂದಿಗೆ ನೀವೂ ಹೋಗಿ. ವೈದ್ಯರು ಕೇಳುವ ಮುಖ್ಯ ಪ್ರಶ್ನೆಗೆ ಉತ್ತರ ಗೊತ್ತಿರುವುದು ನಿಮಗೆ.