ಹೆಜ್ಜೆಗೆ ಒಡೆಯನುಂಟೇ?

ಕಥೆಗೂ ಕವಿತೆಗೂ ಕರ್ತೃವಿನ ಹಕ್ಕು ಉಂಟೆಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ಕೈಯೆತ್ತಿ ಕುಣಿಯುವುದಕ್ಕೂ ಅಪ್ಪಣೆ ಬೇಕೆಂದರೆ ನಗು ಬಂದೀತು. ಗಣಕಯಂತ್ರದೊಳಗಿನ ಕಲ್ಪಿತ ಲೋಕಗಳಲ್ಲಿ ಮಾತ್ರ ಇದು ನಿತ್ಯದ ನಿಯಮವಾಗಿದೆ.

ಅಮೆರಿಕದ ಲಿಂಡನ್ ಲ್ಯಾಬ್ ಸಂಸ್ಥೆಯು 2003ರಲ್ಲಿ ತೆರೆದ 'ಸೆಕೆಂಡ್ ಲೈಫ್' ಎಂಬ ಲೋಕವನ್ನೇ ನೋಡೋಣ. ಅಲ್ಲಿ ಪ್ರತಿಯೊಬ್ಬರಿಗೂ ಒಂದು ಗೊಂಬೆದೇಹ. ಅದನ್ನು ನಡೆಸುವ, ಕುಣಿಸುವ ಚಲನೆಗಳನ್ನು ಯಾರು ಬೇಕಾದರೂ ರಚಿಸಿ ಮಾರಬಹುದು. ನಕಲು ಮಾಡುವುದು, ತಿದ್ದುವುದು, ಪರರಿಗೆ ಕೊಡುವುದು ಎಂಬ ಮೂರು ಅನುಮತಿಗಳಲ್ಲಿ ಕೆಲವನ್ನು ರಚಿಸಿದವನು ತಡೆಹಿಡಿಯಬಹುದು. ಚಲನೆ, ಧ್ವನಿ, ಮಾತುಗಳನ್ನು ಪೋಣಿಸಿ ಒಂದೇ ಗುಂಡಿಯೊತ್ತಿನಿಂದ ನಡೆಯುವಂತೆ ಮಾಡಿದ ಕಟ್ಟಿಗೆ 'ಜೆಶ್ಚರ್' ಎಂದು ಹೆಸರು. ಮೂರು ಅನುಮತಿಗಳೂ ಇರುವ ಚಲನೆಯನ್ನು ಮಾತ್ರ ಅದರಲ್ಲಿ ಪೋಣಿಸಲು ಸಾಧ್ಯ. ಕಟ್ಟನ್ನು ಇನ್ನೊಬ್ಬರಿಗೆ ಕೊಟ್ಟಾಗ ಒಳಗಿನ ಕುಣಿತವೂ ಕೈಬದಲಾದೀತೆಂಬ ಎಚ್ಚರಿಕೆ ಇದಕ್ಕೆ ಕಾರಣವಿರಬೇಕು.

ಇಂಥದೇ ಪ್ರಶ್ನೆ ನಮ್ಮ ನಾಡಿನಲ್ಲಿ ಯಕ್ಷಗಾನದ ನಿಮಿತ್ತವಾಗಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಡಾ. ಶಿವರಾಮ ಕಾರಂತರು ಯಕ್ಷಗಾನಕ್ಕೆ 'ಯಕ್ಷರಂಗ'ವೆಂಬ ನೃತ್ಯನಾಟಕದ ರೂಪ ಕೊಟ್ಟು, ಏಳು ಪ್ರಸಂಗಗಳನ್ನು ಹೊಸದಾಗಿ ಹೊಂದಿಸಿದರು. 1994ರ ಉಯಿಲಿನಲ್ಲಿ ಕೃತಿಸ್ವಾಮ್ಯವನ್ನು ಮಾಲಿನಿ ಮಲ್ಯರಿಗೆ ಬಿಟ್ಟು, 1997ರಲ್ಲಿ ತೀರಿಕೊಂಡರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆಯು ದೆಹಲಿಯಲ್ಲಿ 'ಅಭಿಮನ್ಯು ವಧೆ'ಯನ್ನು ಆಡಿಸಲು, ತಮ್ಮ ಅನುಮತಿಯಿಲ್ಲವೆಂದು ಅವರು ದಾವೆ ಹೂಡಿದರು. 2009ರ ಜನವರಿಯಲ್ಲಿ ತೀರ್ಪು ಬಂದಿತು. ಇಂತಹ ರಚನೆ ಸಾಹಿತ್ಯಕೃತಿಯಲ್ಲ, ನಾಟ್ಯಕೃತಿ. ಅದರ ಹಕ್ಕೂ ಉಯಿಲಿನಂತೆ ಅವರದೇ. ಆದರೆ ಕಾಯಿದೆಯ 52ನೆಯ ಕಲಮಿನ ವಿನಾಯಿತಿಗಳು ಸಂಸ್ಥೆಗೆ ಮುಕ್ತವೆಂದು ನ್ಯಾಯಾಲಯವು ಸ್ಪಷ್ಟಪಡಿಸಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಯಕ್ಷಗಾನದ ಹೆಜ್ಜೆ ಕಾರಂತರದಲ್ಲ, ಯಾರೊಬ್ಬರದೂ ಅಲ್ಲ. ನಮ್ಮ ಹಟ್ಟಿ, ಲಿಂಗಸುಗೂರು, ಮಸ್ಕಿ ಸೀಮೆಯ ಬಯಲಾಟದ ಕುಣಿತಕ್ಕೆ ಯಾರು ಬಾಡಿಗೆ ಕೇಳಿಯಾರು? ಕಾರಂತರದಾದದ್ದು ಅವರ ಹೊಂದಿಕೆ. ಕಾಯಿದೆಯೂ ನೃತ್ಯಸಂಯೋಜನೆಯು ಬರಹದಲ್ಲೋ ಅನ್ಯ ರೀತಿಯಲ್ಲೋ ಸ್ಥಿರವಾಗಿರಬೇಕೆನ್ನುತ್ತದೆ. ಆದುದರಿಂದ ನಮ್ಮ ವಿದ್ಯಾರ್ಥಿಗಳು ತಾವೇ ಕಟ್ಟಿದ ನೃತ್ಯರೂಪಕವನ್ನು ಬರೆದಿಡುವುದು ಲೇಸು. ಎಷ್ಟು ಹೆಜ್ಜೆ ಕೂಡಿದರೆ ಸಂಯೋಜನೆಯಾಯಿತು ಎಂಬುದು ಬೇರೆ ಕಗ್ಗಂಟು. 'ಫೋರ್ಟ್‌ನೈಟ್' ಆಟದಲ್ಲಿ ಸೇರಿದ ಕೆಲವೇ ಕ್ಷಣಗಳ ಕುಣಿತದ ಬಗ್ಗೆ ಕೈಲ್ ಹನಗಾಮಿ ಎಂಬ ನೃತ್ಯಸಂಯೋಜಕ ಹೂಡಿದ ದಾವೆಯನ್ನು ಅಮೆರಿಕದ ಕೆಳ ನ್ಯಾಯಾಲಯವು 2022ರಲ್ಲಿ ತಳ್ಳಿಹಾಕಿತು. 2023ರಲ್ಲಿ ಮೇಲ್ಮನವಿ ನ್ಯಾಯಾಲಯವು ಅದಕ್ಕೆ ಮರುಜೀವ ಕೊಟ್ಟಿತು.

ಕಾಲೇಜಿನವರಾದ ನಮಗೆ 52ನೆಯ ಕಲಮು ಮುಖ್ಯ. ವಿದ್ಯಾರ್ಥಿಗಳೂ ಅಧ್ಯಾಪಕರೂ ಸಂಸ್ಥೆಯ ಚಟುವಟಿಕೆಯಾಗಿ ಆಡಿ, ನೋಡುವವರು ನಾವು, ನಮ್ಮ ತಾಯಿತಂದೆಗಳು, ಸಂಸ್ಥೆಗೆ ಸಂಬಂಧಪಟ್ಟವರು ಮಾತ್ರವಾದರೆ ಅಪ್ಪಣೆ ಬೇಕಿಲ್ಲ. ಕಾನೂನು 'ಯಾರು ಆಡುವರು, ಯಾರೆದುರು?' ಎಂದು ವಿಚಾರಿಸುತ್ತದೆ. ಗಣಕಲೋಕದ ಬೀಗಕ್ಕೆ ಆ ವಿವೇಕವಿಲ್ಲ. ಪಾಠಕ್ಕೆಂದರೂ ವ್ಯಾಪಾರಕ್ಕೆಂದರೂ ಅದು ಸಮನಾಗಿ ಮುಚ್ಚಿರುತ್ತದೆ. ಈ ನ್ಯೂನತೆಯನ್ನು ತಂತ್ರಜ್ಞರು ಇನ್ನೂ ಗಂಭೀರವಾಗಿ ಎಣಿಸಿದಂತಿಲ್ಲ. ಇನ್ನು ವಾರ್ಷಿಕೋತ್ಸವದ ಕುಣಿತವನ್ನು ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಏರಿಸುವವರು ಒಂದನ್ನು ಗಮನಿಸಬೇಕು: ಅಲ್ಲಿ ನೋಡುವವರು ನಮ್ಮ ಅಂಗಳದವರಷ್ಟೇ ಆಗಿ ಉಳಿಯುವುದಿಲ್ಲ.