ಗೇಟು, ರಸ್ತೆ, ಕಡಲತಡಿ: ಕೂಡಿ ಕಟ್ಟುವ ಬಡಾವಣೆಯಲ್ಲಿ ಯಾವುದು ಯಾರದು?

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಓದುಗರು ಈ ಸಲ ಬರೆದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಆಸೆಯ ಸುತ್ತ ಇವೆ: ಗೊತ್ತಿದ್ದವರೆಲ್ಲ ಸೇರಿ ಊರಂಚಿನಲ್ಲಿ ಜಾಗ ಕೊಂಡು ನಮ್ಮದೇ ಕಾಲೊನಿ ಮಾಡಿಕೊಳ್ಳುವುದು. ಅವುಗಳಲ್ಲಿ ನಾಲ್ಕು ಪತ್ರಗಳಿಗೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಸರ್, ನಾವು ಬನಿಯನ್ ಕಂಪನಿಗಳಲ್ಲಿ ದುಡಿಯುವ ಹದಿನೆಂಟು ಮನೆಯವರು. ಅವಿನಾಶಿ ಕಡೆ ಎರಡು ಎಕರೆ ನೋಡಿದ್ದೇವೆ. ಎಲ್ಲರ ಹೆಸರಿಗೂ ಪಾಲು ಹಾಕಿ ಒಂದೇ ಪತ್ರ ರಿಜಿಸ್ಟರ್ ಮಾಡಿಸಿದರೆ ಸಾಕು, ಆಮೇಲೆ ಸೈಟು ಹಂಚಿಕೊಳ್ಳಬಹುದು ಎನ್ನುತ್ತಾರೆ ಬ್ರೋಕರ್. ಸಾಕೇ? ಹೀಗೆ ಕೂಡಿ ಕಟ್ಟಿದ ಕಾಲೊನಿ ಎಲ್ಲಾದರೂ ಬಾಳಿದ್ದುಂಟೇ?
— ಓದುಗರು, ತಿರುಪ್ಪೂರು

ಉತ್ತರ: ಸಾಲದು. ಪಾಲಿನ ಪತ್ರದಿಂದ ನೀವು ಇಡೀ ಎರಡು ಎಕರೆಗೆ ಸಹಮಾಲೀಕರಾಗುತ್ತೀರಿ, ಅಷ್ಟೇ. ಇಂಥ ಸೈಟು ನನ್ನದು ಎಂದು ಬೊಟ್ಟು ಮಾಡಿ ತೋರಿಸಲು ನಗರ, ಗ್ರಾಮ ಯೋಜನಾ ನಿರ್ದೇಶನಾಲಯ (ಡಿಟಿಸಿಪಿ) ಮಂಜೂರು ಮಾಡಿದ ಲೇಔಟ್ ನಕ್ಷೆ ಬೇಕು. ತಮಿಳುನಾಡಿನಲ್ಲಿ 2016ರ ಅಕ್ಟೋಬರ್ 20ರ ನಂತರ ಮಂಜೂರಾಗದ ಹೊಸ ಸೈಟುಗಳ ನೋಂದಣಿಗೆ ತಡೆ ಇದೆ. ಆ ದಿನಕ್ಕಿಂತ ಹಿಂದಿನವನ್ನು ಸಕ್ರಮ ಮಾಡಿಕೊಳ್ಳಲಷ್ಟೇ 2017ರ ನಿಯಮಗಳು ಬಂದವು. ನಾಳೆ ಒಬ್ಬರಿಗೆ ಸಾಲ ಬೇಕಾದರೆ, ಒಬ್ಬರು ತೀರಿಕೊಂಡರೆ, ಒಬ್ಬರು ಮಾರಿ ಹೋಗುತ್ತೇನೆಂದರೆ ಹದಿನೆಂಟು ಮನೆಗಳೂ ಕಚೇರಿ ಅಲೆಯಬೇಕಾಗುತ್ತದೆ.

ಸರಿಯಾದ ದಾರಿ 1983ರ ತಮಿಳುನಾಡು ಸಹಕಾರ ಸಂಘಗಳ ಕಾಯ್ದೆಯಡಿ ಗೃಹನಿರ್ಮಾಣ ಸಂಘ ನೋಂದಾಯಿಸುವುದು. ಜಾಗವನ್ನು ಸಂಘ ಕೊಳ್ಳುತ್ತದೆ, ನಕ್ಷೆಗೆ ಸಂಘ ಅರ್ಜಿ ಹಾಕುತ್ತದೆ, ಸೈಟು ಸದಸ್ಯರಿಗೆ ಬರುತ್ತದೆ. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಓಟು. ನಿಮ್ಮ ಎರಡು ಎಕರೆ ಎಂದರೆ ಸುಮಾರು 8,000 ಚದರ ಮೀಟರ್. 2019ರ ಕಟ್ಟಡ ನಿಯಮಗಳ ಪ್ರಕಾರ ರಸ್ತೆ ಕಳೆದು ಉಳಿದದ್ದರಲ್ಲಿ ನೂರಕ್ಕೆ ಹತ್ತು ಭಾಗ ತೆರೆದ ಜಾಗ ಬಿಡಬೇಕು, ಇಲ್ಲವೇ ಅದರ ಮೌಲ್ಯ ಕಟ್ಟಬೇಕು. ಜಾಗವನ್ನೇ ಬಿಡಿ. ಹದಿನೆಂಟು ಮನೆಯ ಮಕ್ಕಳಿಗೆ ಆಟದ ಬಯಲನ್ನು ಆಮೇಲೆ ದುಡ್ಡು ಕೊಟ್ಟು ತರಲಾಗದು.

ಬಾಳಿದ್ದುಂಟೇ ಎಂದು ಕೇಳಿದ್ದೀರಿ. ಈ ನಾಡಿಗೆ ಇದು ಹೊಸದಲ್ಲ. ಬೆಂಗಳೂರಿನಲ್ಲಿ ಕಟ್ಟಡ ಸಹಕಾರ ಸಂಘ ಹುಟ್ಟಿದ್ದು 1909ರಲ್ಲಿ. ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ ಉದಾಹರಣೆ ಮದರಾಸಿನ ಚೋಳಮಂಡಲ ಕಲಾಗ್ರಾಮ. ಅದನ್ನು ಕಟ್ಟಲು ಮುಂದಾದ ಕೆ.ಸಿ.ಎಸ್. ಪಣಿಕ್ಕರ್ ನಿಮ್ಮ ಪಕ್ಕದ ಕೊಯಮತ್ತೂರಿನಲ್ಲೇ 1911ರಲ್ಲಿ ಹುಟ್ಟಿದವರು. ಮದರಾಸಿನ ಸರ್ಕಾರಿ ಕಲಾಶಾಲೆಯ ಪ್ರಾಂಶುಪಾಲರಾಗಿದ್ದ ಅವರಿಗೆ ಒಂದು ಚಿಂತೆ ಕಾಡುತ್ತಿತ್ತು: ಕಲಿತು ಹೊರಬಿದ್ದ ಹುಡುಗರು ಹೊಟ್ಟೆಪಾಡಿಗಾಗಿ ಕುಂಚ ಬಿಡುತ್ತಿದ್ದರು. ಗುರು, ಶಿಷ್ಯರು ಸೇರಿ ಕರಕುಶಲ ಸಂಘ ಮಾಡಿಕೊಂಡರು. ಬಟ್ಟೆಗೆ ಬಾಟಿಕ್ ಬಣ್ಣ ಹಾಕಿ ಮಾರಿದರು. ಆ ಹಣದಿಂದ ನಗರದ ದಕ್ಷಿಣದಂಚಿನ ಇಂಜಂಬಾಕ್ಕಂನಲ್ಲಿ, ಕಡಲ ಪಕ್ಕದ ಮರಳುಗಾಡಿನಲ್ಲಿ ಸುಮಾರು 10 ಎಕರೆ ಕೊಂಡು 1966ರಲ್ಲಿ ನೆಲೆ ಹೂಡಿದರು. ಮೈಸೂರಿನವರಾದ ಎಸ್.ಜಿ. ವಾಸುದೇವ್ ಅಲ್ಲಿನ ಮೊದಲಿಗರಲ್ಲಿ ಒಬ್ಬರು. ಕನ್ನಡದ ‘ಸಂಸ್ಕಾರ’ ಚಿತ್ರಕ್ಕೆ ಕಲಾನಿರ್ದೇಶನ ಮಾಡಿದವರೂ ಅವರೇ. 1977ರಲ್ಲಿ ಪಣಿಕ್ಕರ್ ತೀರಿಕೊಂಡರು, ಗ್ರಾಮ ಉಳಿಯಿತು. 2009ರಲ್ಲಿ ಸಮಕಾಲೀನ ಕಲಾಕೇಂದ್ರವೂ ಅಲ್ಲಿ ತೆರೆಯಿತು. ಅವರನ್ನು ಹಿಡಿದಿಟ್ಟದ್ದು ಕೈಕೆಲಸ ಮತ್ತು ಕೂಡಿ ದುಡಿದ ಹಣ. ನಿಮ್ಮಲ್ಲಿ ಎರಡೂ ಇವೆ, ಬ್ರೋಕರ್ ಹೇಳುವ ಅಡ್ಡದಾರಿ ಬೇಡ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಚೆನ್ನೈನ ಈಸ್ಟ್ ಕೋಸ್ಟ್ ರೋಡಿನಲ್ಲಿ ‘ಸದಸ್ಯರಿಗೆ ಮಾತ್ರ ಬೀಚ್’ ಎಂದು ಹೇಳಿ ಸೈಟು ಮಾರುತ್ತಿದ್ದಾರೆ. ಮಗ ಅಡ್ವಾನ್ಸ್ ಕೊಡೋಣ ಎನ್ನುತ್ತಿದ್ದಾನೆ. ಬೀಚ್ ನಮ್ಮದಾಗುತ್ತದೆಯೇ?
— ಓದುಗರು, ಕೊಯಮತ್ತೂರು

ಉತ್ತರ: ಆಗುವುದಿಲ್ಲ ಮೇಡಂ. ಉಬ್ಬರದ ಗೆರೆಗೂ ಇಳಿತದ ಗೆರೆಗೂ ನಡುವಿನ ಮರಳನ್ನು ಯಾವ ಸಂಘವೂ ಸದಸ್ಯರಿಗೆ ಹಂಚಲಾರದು. ನದಿ, ಕಡಲತಡಿಯಂಥವನ್ನು ಸರ್ಕಾರ ಜನರ ಪರವಾಗಿ ಕಾಯುವ ಧರ್ಮದರ್ಶಿ ಮಾತ್ರ ಎಂಬ ತತ್ವವನ್ನು ಸುಪ್ರೀಂ ಕೋರ್ಟು ಕಮಲ್ ನಾಥ್ ಪ್ರಕರಣದಲ್ಲಿ ಎತ್ತಿ ಹಿಡಿದಿದೆ. ಅಲ್ಲಿ ಬಲೆ ಒಣಗಿಸುವ, ದೋಣಿ ಎಳೆದಿಡುವ ಮೀನುಗಾರರು ನಿಮ್ಮ ಲೇಔಟಿಗಿಂತ ತಲೆಮಾರುಗಳಷ್ಟು ಹಳಬರು. ಅವರನ್ನು ತಡೆಯುವ ಬೇಲಿಗೆ ನಿಮ್ಮ ಪಿಂಚಣಿ ಹಣ ಹೋಗಬಾರದು.

ಸೈಟಿನ ಮೇಲೂ ನಿರ್ಬಂಧವಿದೆ. ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ ಬಂದದ್ದು 1991ರಲ್ಲಿ, ಈಗಿನದು 2019ರದು. ಕಡಲಂಚಿನಲ್ಲಿ ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ ಅದರ ಹಿಡಿತ. ನಗರ ಪ್ರದೇಶದಲ್ಲಿ ಈಗಾಗಲೇ ಇರುವ ರಸ್ತೆ ಅಥವಾ ಅಧಿಕೃತ ಕಟ್ಟಡಗಳ ಸಾಲಿಗಿಂತ ಸಮುದ್ರದ ಕಡೆಗೆ ಹೊಸ ಮನೆ ಏಳುವಂತಿಲ್ಲ. ಹಳ್ಳಿ ಪ್ರದೇಶದಲ್ಲಿ ಜನಸಾಂದ್ರತೆ ಹೆಚ್ಚಿದ್ದಲ್ಲಿ 50 ಮೀಟರ್, ಕಡಿಮೆ ಇದ್ದಲ್ಲಿ 200 ಮೀಟರ್ ಕಟ್ಟಡ ನಿಷಿದ್ಧ. ಹಾಗಾಗಿ ಮಗನಿಗೆ ಹೇಳಿ: ಕರಾವಳಿ ವಲಯದ ನಕ್ಷೆಯಲ್ಲಿ ಸರ್ವೆ ನಂಬರನ್ನು ಗುರುತಿಸಿದ ಪ್ರತಿ ಮತ್ತು ತಮಿಳುನಾಡು ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ (ರೇರಾ) ನೋಂದಣಿ ಸಂಖ್ಯೆ ಎರಡೂ ಕೈಗೆ ಬರುವವರೆಗೆ ಒಂದು ರೂಪಾಯಿಯೂ ಬೇಡ. 500 ಚದರ ಮೀಟರ್ ಮೀರಿದ ಮಾರಾಟದ ಲೇಔಟಿಗೆ ರೇರಾ ನೋಂದಣಿಯಿಲ್ಲದೆ ಜಾಹೀರಾತು ಕೊಡುವುದೇ ತಪ್ಪು.

ಪ್ರಶ್ನೆ: ಅಣ್ಣಾ, ನಮ್ಮದು ಸೂಲೂರು ಕಡೆಯ ಹಳ್ಳಿ. ಕೆರೆಗೆ ಆಡು, ದನ ಹೊಡೆದುಕೊಂಡು ಹೋಗುವ ಬಂಡಿದಾರಿಗೆ ಅಡ್ಡವಾಗಿ ಹೊಸ ಲೇಔಟಿನವರು ಗೇಟು ಹಾಕಿದ್ದಾರೆ. ‘ಪ್ರೈವೇಟ್ ರೋಡು’ ಎನ್ನುತ್ತಾನೆ ವಾಚ್‌ಮನ್. ಏನು ಮಾಡುವುದು?
— ಓದುಗರು, ಕೊಯಮತ್ತೂರು ಜಿಲ್ಲೆ

ಉತ್ತರ: ಮೊದಲು ಗ್ರಾಮಾಡಳಿತಾಧಿಕಾರಿ, ಅಂದರೆ ವಿಎಒ ಹತ್ತಿರ ಹೋಗಿ ಜಮೀನಿನ ದಾಖಲೆಯಾದ ಎ-ರಿಜಿಸ್ಟರನ್ನೂ ಹೊಲದ ಅಳತೆ ತೋರಿಸುವ ಎಫ್‌ಎಂಬಿ ನಕ್ಷೆಯನ್ನೂ ನೋಡಿ. ಬಂಡಿದಾರಿ ಪೊರಂಬೋಕು ಎಂದು ದಾಖಲಾಗಿದ್ದರೆ ಅದು ಸರ್ಕಾರದ ಜಾಗ. ಯಾರ ಪಟ್ಟಾದಲ್ಲೂ ಅದು ಸೇರಲಾರದು, ಯಾರೂ ಅದಕ್ಕೆ ಬೀಗ ಹಾಕಲಾರರು. ಎರಡನೆಯದು, ಲೇಔಟ್ ಮಂಜೂರಾಗುವಾಗ ಅದರ ರಸ್ತೆಗಳನ್ನು ದಾನಪತ್ರದ ಮೂಲಕ ಪಂಚಾಯಿತಿಗೆ ಬರೆದುಕೊಡುತ್ತಾರೆ. 10,000 ಚದರ ಮೀಟರ್ ಮೀರಿದ ಲೇಔಟಾದರೆ ನೂರಕ್ಕೆ ಹತ್ತರ ತೆರೆದ ಜಾಗವನ್ನೂ ಬರೆದುಕೊಟ್ಟಿರಬೇಕು. ಆ ದಾನಪತ್ರಗಳ ನಕಲನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಬರೆದುಕೊಟ್ಟ ರಸ್ತೆಯಲ್ಲಿ ಕಾವಲುಗಾರ ಕೂರಬಹುದು, ದಾರಿಹೋಕರನ್ನು ತಡೆಯುವಂತಿಲ್ಲ.

ಗೇಟು ಕೆರೆಯ ಜಾಗದಲ್ಲೇ ನಿಂತಿದ್ದರೆ, ಕೆರೆ ಒತ್ತುವರಿ ತೆರವಿಗೆಂದೇ 2007ರ ತಮಿಳುನಾಡು ಕಾಯ್ದೆ ಇದೆ. ಜಿಲ್ಲಾಧಿಕಾರಿಗೆ ಕೊಡುವ ಅರ್ಜಿಯಲ್ಲಿ ಅದನ್ನು ಹೆಸರಿಸಿ. ವೆಳ್ಳಿಯಂಗಿರಿ ಬೆಟ್ಟದ ಕಡೆ ಹುಟ್ಟುವ ನೊಯ್ಯಲ್ ನಿಮ್ಮ ಕೆರೆಗಳ ಸರಪಣಿಯನ್ನು ತುಂಬಿಸಿಕೊಂಡು ತಿರುಪ್ಪೂರು ದಾಟಿ ಕಾವೇರಿಗೆ ಸೇರುತ್ತದೆ. ಒಂದು ಕಾಲುವೆ, ಒಂದು ಕೆರೆಯಂಚು ಮುಚ್ಚಿದರೂ ಕೆಳಗಿನವರಿಗೆ ಏಟು. ಲೇಔಟಿನೊಳಗಿನ ನಿವಾಸಿಗಳಿಗೂ ನನ್ನ ಮಾತು ಇಷ್ಟೇ: ಕೆರೆಯ ನೋಟಕ್ಕೆಂದು ಹೆಚ್ಚು ಬೆಲೆ ಕೊಟ್ಟಿದ್ದೀರಿ, ಕೆರೆಯ ಮೇಲಿನ ಅಧಿಕಾರ ಆ ಬೆಲೆಯಲ್ಲಿ ಸೇರಿಲ್ಲ.

ಪ್ರಶ್ನೆ: ನಾವು ಕನ್ನಡ ಮಾತಾಡುವ ದೇವಾಂಗದವರು, ನೇಯ್ಗೆಯವರು. ನಮ್ಮವರಿಗೆ ಮಾತ್ರ ಸದಸ್ಯತ್ವ ಎಂದು ಗೃಹನಿರ್ಮಾಣ ಸಂಘದ ಬೈಲಾದಲ್ಲಿ ಬರೆದುಕೊಳ್ಳಬಹುದೇ? ಮನೆಮಾತು ಉಳಿಯಲಿ ಎಂಬ ಆಸೆ.
— ಓದುಗರು, ಸಿರುಮುಗೈ

ಉತ್ತರ: ನಿಮ್ಮ ಆಸೆಯ ಬಗ್ಗೆ ನನಗೆ ಗೌರವವಿದೆ. ಇದಕ್ಕೆ ಪೂರ್ವನಿದರ್ಶನವೂ ಇದೆ. ಕೆನರಾ ಕರಾವಳಿಯಿಂದ ಮುಂಬಯಿಗೆ ಹೋದ ಸಾರಸ್ವತರಿಗಾಗಿ ಶ್ರೀಪಾದ ಸುಬ್ಬರಾವ್ ತಲ್ಮಕಿ 1915ರಲ್ಲಿ ಗಾಮ್‌ದೇವಿಯಲ್ಲಿ ಗೃಹ ಸಹಕಾರ ಸಂಘ ಕಟ್ಟಿದರು. ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂಬ ಅಹಮದಾಬಾದಿನ ಸಂಘವೊಂದರ ಬೈಲಾವನ್ನು ಸುಪ್ರೀಂ ಕೋರ್ಟು 2005ರಲ್ಲಿ ಎತ್ತಿ ಹಿಡಿಯಿತು. ಆದರೆ ಅದು ಗುಜರಾತ್ ಕಾಯ್ದೆಯಡಿಯ ತೀರ್ಪು. ತಮಿಳುನಾಡಿನ ರಿಜಿಸ್ಟ್ರಾರ್ ನಿಮ್ಮ ಬೈಲಾವನ್ನು ತಮ್ಮ ರಾಜ್ಯದ ಕಾಯ್ದೆಯ ಕಣ್ಣಲ್ಲೇ ನೋಡುತ್ತಾರೆ.

ಒಪ್ಪಿಗೆ ಸಿಕ್ಕರೂ ಹಾಗೆ ಬರೆಯಬೇಡಿ ಎಂದೇ ನನ್ನ ಸಲಹೆ. ಜಾತಿಯ ಬಾಗಿಲು ಹಾಕಿದ ಕಾಲೊನಿಯಲ್ಲಿ ಮನೆ ಮಾರುವಾಗ ಕೊಳ್ಳುವವರು ಕಡಿಮೆ, ಮಗಳು ಬೇರೆ ಕಡೆ ಮದುವೆಯಾದರೆ ಅವಳ ಹಕ್ಕಿಗೂ ತಕರಾರು. ಇವತ್ತು ನಿಮ್ಮನ್ನು ಒಳಗಿಟ್ಟ ಅದೇ ನಿಯಮ ನಾಳೆ ನಿಮ್ಮ ಮೊಮ್ಮಕ್ಕಳನ್ನು ಹೊರಗಿಡಬಹುದು. ಅದರ ಬದಲು ನೇಕಾರರ ಸಹಕಾರ ಸಂಘದ ಅನುಭವ ನಿಮ್ಮಲ್ಲಿದೆಯಲ್ಲ, ಕಸುಬನ್ನೇ ಅರ್ಹತೆ ಮಾಡಿ: ಕೈಮಗ್ಗದಲ್ಲಿ ದುಡಿಯುವ ಯಾರೇ ಆಗಲಿ ಸದಸ್ಯರಾಗಬಹುದು ಎನ್ನಿ. ಮಗ್ಗ ಹಾಕಲು ಸಾಲುವ ಮನೆ, ಹಾಸು ಹಾಕಲು ಉದ್ದನೆಯ ಬಯಲು, ಸಂಜೆ ಮಕ್ಕಳಿಗೆ ಕನ್ನಡ ಓದಿಸಲು ಒಂದು ಕೋಣೆ ನಕ್ಷೆಯಲ್ಲೇ ಇರಲಿ. ಮನೆಮಾತನ್ನು ಉಳಿಸುವುದು ಆ ಕೋಣೆ, ಬೈಲಾದ ನಿಷೇಧವಲ್ಲ.

ಎಲ್ಲರಿಗೂ ಕೊನೆಯ ಮಾತು. ಅಡ್ವಾನ್ಸ್ ಕೊಡುವ ಮೊದಲು ಪಟ್ಟಾ, ಎಫ್‌ಎಂಬಿ ನಕ್ಷೆ, ವಿಲ್ಲಂಗ (ಋಣಭಾರ) ಸರ್ಟಿಫಿಕೇಟು, ಡಿಟಿಸಿಪಿ ಮಂಜೂರಾತಿ, ರಸ್ತೆಯ ದಾನಪತ್ರ ಇವಿಷ್ಟನ್ನು ಕೇಳಿ ಪಡೆಯಿರಿ, ವಕೀಲರಿಗೆ ತೋರಿಸಿ. ಸಂಘ ಕಟ್ಟುವವರು ಮೊದಲ ಸಭೆಯಲ್ಲೇ ರಸ್ತೆ ಯಾರದು, ನೀರು ಯಾರದು, ಬಯಲು ಯಾರದು ಎಂಬುದನ್ನು ಬರೆದು ಎಲ್ಲರ ಸಹಿ ಹಾಕಿಸಿ. ಗೇಟಿನ ವಿಚಾರ ಅದಾದ ಮೇಲೆ ಬರಲಿ.