ಮಗು ಯಾರ ಮುಖ ನೋಡುತ್ತದೆ

ಮಗಳು ಹುಟ್ಟಿದಾಗ ಹೆಂಡತಿಯ ಬಾಣಂತನ ನಡೆದದ್ದು ಡೆಂಕಣಿಕೋಟೆಯ ಅತ್ತೆಮನೆಯಲ್ಲಿ. ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ನೈಟ್ ಶಿಫ್ಟ್ ಮಾಡುವ ನಾನು ಅಲ್ಲಿಗೆ ಭಾನುವಾರದ ನೆಂಟ. ಹೋದವನು ಮಗುವನ್ನು ಎತ್ತಿ ಕುಣಿಸುತ್ತಿದ್ದೆ, ಹೊಟ್ಟೆಗೆ ಬಾಯಿಟ್ಟು ಬುರ್ರೆಂದು ನಗಿಸುತ್ತಿದ್ದೆ. ಅತ್ತರೆ ಅಮ್ಮನ ಕೈಗೆ. ಅಪ್ಪ ಆಟಕ್ಕೆ, ಅಮ್ಮ ಆರೈಕೆಗೆ. ಅದು ಗಂಡು ಹೆಣ್ಣಿನ ಸ್ವಭಾವ ಎಂದು ಮನೆಯವರೆಲ್ಲ ಒಪ್ಪಿಬಿಟ್ಟಿದ್ದೆವು.

ಹೆರಿಗೆ ರಜೆಯ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯಿಂದ ಹೆಂಗಸರಿಗೆ ಮೊದಲೆರಡು ಹೆರಿಗೆಗೆ 26 ವಾರ ಸಂಬಳದ ರಜೆಯಿದೆ. ಖಾಸಗಿ ಕಂಪನಿಯ ಗಂಡಸಿಗೆ ಆ ಕಾನೂನು ಒಂದು ದಿನವನ್ನೂ ಕೊಡುವುದಿಲ್ಲ. ರಜೆ ಮುಗಿದು ಹೆಂಡತಿ ಜನರಲ್ ಶಿಫ್ಟಿಗೆ ಹೊರಟಳು, ಹಗಲಿನ ಮಗು ನನ್ನ ಪಾಲಿಗೆ ಬಂತು.

ರಾಗಿ ಸರಿ ತಿನ್ನಿಸುವಾಗ ಮಗಳು ತುಟಿ ಬಿಗಿದು ಗೋಡೆಯತ್ತ ತಿರುಗುತ್ತಾಳೆ. ಸಾಕು ಅಂತಲ್ಲ, ತಾಳು ಅಂತ. ಕಾದರೆ ತಾನೇ ತಿರುಗಿ ಬಾಯಿ ತೆರೆಯುತ್ತಾಳೆ. ಚಮಚ ತುರುಕಿದರೆ ಆ ಹೊತ್ತಿನ ಊಟ ಮುಗಿದ ಹಾಗೆ. ಹೀಗೆ ಕಾಯುತ್ತಾ ಕಾಯುತ್ತಾ ನನ್ನ ದನಿಯೇ ತಗ್ಗಿತು. ಸಂಜೆ ಬಂದ ಹೆಂಡತಿ ಮಗುವನ್ನು ಮೇಲಕ್ಕೆ ಹಾರಿಸಿದರೆ, "ಈಗ ತಾನೇ ತಿಂದಿದ್ದಾಳೆ, ಕುಣಿಸಬೇಡ ಕಣೇ" ಎನ್ನುತ್ತೇನೆ. ಹಿಂದೆ ಅವಳು ನನಗೆ ಹೇಳುತ್ತಿದ್ದ ಮಾತು!

ಅಮೆರಿಕದ ಮನಶ್ಶಾಸ್ತ್ರಜ್ಞೆ ಟಿಫನಿ ಫೀಲ್ಡ್ 1978ರಲ್ಲೇ ಇದನ್ನು ಗಮನಿಸಿದ್ದರು. ಮಗುವಿನ ಮುಖ್ಯ ಹೊಣೆ ಹೊತ್ತ ಅಪ್ಪಂದಿರು ನಗುವುದರಲ್ಲಿ, ಮಗುವಿನ ದನಿಯನ್ನು ಅನುಕರಿಸುವುದರಲ್ಲಿ ಅಮ್ಮಂದಿರಂತೆಯೇ ಇದ್ದರು. ಆಟವಾಡಿಸುವುದರಲ್ಲಿ ಮಾತ್ರ ಅಪ್ಪಂದಿರೇ ಮುಂದು. ನನ್ನ ಬುರ್ರೂ ನಿಂತಿಲ್ಲ ಬಿಡಿ.

ಎಂಟನೇ ತಿಂಗಳ ಹೊತ್ತಿಗೆ ಹೊಸ ಮುಖ ಕಂಡರೆ ಅಳು. ಆ ವಯಸ್ಸಿಗೆ ಅದು ಸಹಜವೇ. ಎದುರುಮನೆಯ ತಮಿಳು ಪಾಟಿ (ಅಜ್ಜಿ) "ವಾ ಕಣ್ಣು" ಎಂದು ಕೈಚಾಚಿದರೆ ಮಗಳು ಮೊದಲು ನನ್ನ ಮುಖ ನೋಡುತ್ತಾಳೆ. ನಾನು ನಕ್ಕು ಪಾಟಿಯ ಜತೆ ಎರಡು ಮಾತಾಡಿದರೆ ಅವರತ್ತ ವಾಲುತ್ತಾಳೆ. ನಿದ್ದೆಗೆಟ್ಟು ಹುಬ್ಬು ಗಂಟಿಕ್ಕಿಕೊಂಡಿದ್ದರೆ ನನ್ನ ಅಂಗಿ ಬಿಡುವುದಿಲ್ಲ. ಪಾಪ, ಪಾಟಿ ಮಗುವಿಗೇ ಹುಷಾರಿಲ್ಲ ಎಂದುಕೊಳ್ಳುತ್ತಾರೆ. ಹೆಂಡತಿ ಎತ್ತಿಕೊಂಡಿದ್ದರೆ ಅವಳ ಮುಖ ನೋಡಿ ಇದೇ ತೀರ್ಮಾನ. ಜನರ ಜತೆ ಬೆರೆಯುವ ಮೊದಲ ಪಾಠಕ್ಕೆ ಮಗಳಿಗೆ ಎರಡು ಮುಖಗಳಿವೆ, ಎರಡನ್ನೂ ಓದಲು ಬರುತ್ತದೆ.

ಮುಂದಿನ ತಿಂಗಳು ನನಗೆ ಫಸ್ಟ್ ಶಿಫ್ಟಂತೆ. ಹಗಲಿಗೆ ಅತ್ತೆಯನ್ನು ಕರೆಸಬೇಕು. ನಾಲ್ಕು ಮಕ್ಕಳನ್ನು ಸಾಕಿದ ಅವರಿಗೆ, ಸರಿ ತಿನ್ನಿಸುವಾಗ ಸ್ವಲ್ಪ ಕಾಯಿರಿ ಎಂದು ಅಳಿಯ ಹೇಳುವುದಾದರೂ ಹೇಗೆ?